ಇಗರ್ಜಿ ಗೋಡೆಯ ನಕ್ಷತ್ರಗಳು: ಮೂರಿಶ್ ಟೈಲ್ಸ್ ಕಲೆಯ ಒಂದು ಪರಿಚಯ

ಹಳೆ ಗೋವಾಕ್ಕೆ ಯಾತ್ರೆ ಹೋಗುವ ನಮ್ಮ ಕರಾವಳಿಯ ಭಕ್ತಾದಿಗಳು ಬೊಮ್ ಜೀಸಸ್ ಬೆಸಿಲಿಕಾದಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಪವಿತ್ರ ಅವಶೇಷಗಳಿಗೆ ನಮಿಸಿದ ಬಳಿಕ, ಹತ್ತಿರದ ಗುಡ್ಡದ ಮೇಲಿರುವ ಸಂತ ಆಗಸ್ಟಿನರ ಇಗರ್ಜಿಯ ಅವಶೇಷಗಳನ್ನೂ ನೋಡಿ ಬರುವುದುಂಟು. ಆ ಇಗರ್ಜಿಗೆ ಈಗ ಮಾಡಿಲ್ಲ. ಎತ್ತರದ ಗೋಪುರದ ಒಂದು ಭಾಗ ಮಾತ್ರ ನಿಂತಿದೆ. ಆದರೆ ಬದಿಯ ಚಾಪೆಲ್‌ಗಳ ಗೋಡೆಗಳಲ್ಲಿ ಅಲ್ಲಲ್ಲಿ ಬಣ್ಣದ ಟೈಲ್ಸ್ ತುಣುಕುಗಳು ಇನ್ನೂ ಅಂಟಿಕೊಂಡಿವೆ. ಮಳೆ, ಬಿಸಿಲು, ಪಾಚಿ ಎಲ್ಲವನ್ನೂ ಸಹಿಸಿಯೂ ಅವುಗಳ ಬಣ್ಣ ಮಾಸಿಲ್ಲ.

ಇವು ಪೋರ್ಚುಗೀಸರ ಕಾಲದ ಟೈಲ್ಸ್ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಪೋರ್ಚುಗೀಸರು ಈ ಕಲೆಯನ್ನು ಯಾರಿಂದ ಪಡೆದರು ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಕ್ರೈಸ್ತ ದೇವಾಲಯಗಳ ಗೋಡೆಗಳನ್ನು ಶತಮಾನಗಳ ಕಾಲ ಅಲಂಕರಿಸಿದ ಈ ಕಲೆ ಸ್ಪೇನ್ ದೇಶದ ಮುಸ್ಲಿಂ ಕುಶಲಕರ್ಮಿಗಳ ಕೊಡುಗೆ. ಅದರ ಇತಿಹಾಸ, ವಿನ್ಯಾಸ, ತಯಾರಿಕೆ ಮತ್ತು ಸಂರಕ್ಷಣೆಯ ಬಗ್ಗೆ ಓದುಗರಿಗೆ ಸಂಕ್ಷಿಪ್ತ ಮಾಹಿತಿ ನೀಡುವುದು ಈ ಲೇಖನದ ಉದ್ದೇಶ.

ಹೆಸರಿನ ಮೂಲ

ಪೋರ್ಚುಗೀಸ್ ಮತ್ತು ಸ್ಪ್ಯಾನಿಷ್ ಭಾಷೆಗಳಲ್ಲಿ ಬಣ್ಣದ ಗೋಡೆ ಟೈಲ್‌ಗೆ 'ಅಜುಲೆಜೊ' ಎಂಬ ಹೆಸರಿದೆ. ಈ ಭಾಷೆಗಳಲ್ಲಿ 'ಅಜುಲ್' ಎಂದರೆ ನೀಲಿ. ಆದ್ದರಿಂದ ನೀಲಿ ಬಣ್ಣದಿಂದಲೇ ಈ ಹೆಸರು ಬಂದಿದೆ ಎಂದು ಅನೇಕರು ತಿಳಿಯುತ್ತಾರೆ. ಅದು ಸರಿಯಲ್ಲ. ಈ ಪದ ಬಂದದ್ದು 'ಅಲ್-ಜುಲೈಜ್' ಎಂಬ ಅರಬ್ಬಿ ಪದದಿಂದ. ನುಣುಪಾದ ಸಣ್ಣ ಕಲ್ಲು ಎಂದು ಅದರ ಅರ್ಥವನ್ನು ವಿವರಿಸುತ್ತಾರೆ. ಮೊರೊಕ್ಕೊ ದೇಶದಲ್ಲಿ ಇಂದಿಗೂ ಈ ಕೆಲಸವನ್ನು 'ಜೆಲ್ಲಿಜ್' ಎಂದೇ ಕರೆಯುತ್ತಾರೆ.

'ಮೂರ್' ಎಂಬುದು ಒಂದೇ ಜನಾಂಗದ ಹೆಸರಲ್ಲ. ಕ್ರಿ.ಶ. 711ರಲ್ಲಿ ಉತ್ತರ ಆಫ್ರಿಕಾದಿಂದ ಸಮುದ್ರ ದಾಟಿ ಸ್ಪೇನ್ ಮತ್ತು ಪೋರ್ಚುಗಲ್ ಪ್ರದೇಶಗಳನ್ನು ಗೆದ್ದ ಅರಬ್ಬರು ಹಾಗೂ ಬೆರ್ಬರರನ್ನು, ನಂತರ ಅಲ್ಲಿಯೇ ನೆಲೆಸಿದ ಮುಸ್ಲಿಮರನ್ನು ಯೂರೋಪಿನ ಜನರು ಒಟ್ಟಾಗಿ ಹಾಗೆ ಕರೆದರು. ಅವರ ಆಳ್ವಿಕೆಯ ಕೊನೆಯ ರಾಜ್ಯ ಗ್ರನಾಡಾ. ಅಲ್ಲಿನ ನಸ್ರಿದ್ ಅರಸರು ಕಟ್ಟಿಸಿದ ಅಲ್ಹಂಬ್ರಾ ಅರಮನೆಯಲ್ಲಿ, ವಿಶೇಷವಾಗಿ 14ನೇ ಶತಮಾನದಲ್ಲಿ ಒಂದನೇ ಯೂಸುಫ್ ಮತ್ತು ಐದನೇ ಮುಹಮ್ಮದ್ ಅವರ ಕಾಲದ ಭಾಗಗಳಲ್ಲಿ, ಈ ಕಲೆ ತನ್ನ ಪೂರ್ಣ ರೂಪವನ್ನು ಕಂಡಿತು. ಅಲ್ಹಂಬ್ರಾವನ್ನು ಯುನೆಸ್ಕೊ 1984ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ವಿನ್ಯಾಸದ ಲೆಕ್ಕಾಚಾರ

ಇಸ್ಲಾಂ ಧರ್ಮದ ಪ್ರಾರ್ಥನಾ ಸ್ಥಳಗಳಲ್ಲಿ ಮನುಷ್ಯರ ಅಥವಾ ಪ್ರಾಣಿಗಳ ಚಿತ್ರಗಳನ್ನು ಬರೆಯುವುದಿಲ್ಲ. ಆದ್ದರಿಂದ ಕಲಾವಿದರು ತಮ್ಮ ಪ್ರತಿಭೆಯನ್ನು ಮೂರು ವಿಷಯಗಳಿಗೆ ಮೀಸಲಿಟ್ಟರು: ಅಕ್ಷರ, ಬಳ್ಳಿ ಮತ್ತು ರೇಖಾಗಣಿತ. ಟೈಲ್ಸ್ ಕೆಲಸಕ್ಕೆ ಹೆಚ್ಚು ಒಗ್ಗಿದ್ದು ರೇಖಾಗಣಿತ.

ಇದಕ್ಕೆ ಬೇಕಾದ ಸಲಕರಣೆ ಎರಡೇ: ಒಂದು ಕೈವಾರ, ಒಂದು ಅಳತೆಪಟ್ಟಿ. ಮೊದಲು ಒಂದು ವೃತ್ತ. ಅದನ್ನು ನಾಲ್ಕು, ಎಂಟು, ಹದಿನಾರು ಭಾಗಗಳಾಗಿ ಅಥವಾ ಆರು, ಹನ್ನೆರಡು ಭಾಗಗಳಾಗಿ ವಿಂಗಡಿಸುತ್ತಾರೆ. ಅತ್ಯಂತ ಸಾಮಾನ್ಯವಾದ ಎಂಟು ಮೂಲೆಯ ನಕ್ಷತ್ರವನ್ನು ಯಾರು ಬೇಕಾದರೂ ಬಿಡಿಸಬಹುದು. ಒಂದು ಚೌಕ ಬರೆಯಿರಿ. ಅದೇ ಅಳತೆಯ ಇನ್ನೊಂದು ಚೌಕವನ್ನು 45 ಡಿಗ್ರಿ ತಿರುಗಿಸಿ ಅದರ ಮೇಲೆ ಇಡಿ. ಹೊರ ಅಂಚಿನಲ್ಲಿ ಎಂಟು ಮೂಲೆಯ ನಕ್ಷತ್ರ ಸಿಗುತ್ತದೆ. ನಮ್ಮ ಮನೆಯಂಗಳದ ಚುಕ್ಕಿ ರಂಗೋಲಿ ಬಿಡಿಸುವವರಿಗೆ ಈ ಲೆಕ್ಕ ಸುಲಭವಾಗಿ ಅರ್ಥವಾಗುತ್ತದೆ.

ಇಂತಹ ನಕ್ಷತ್ರಗಳನ್ನು ಸಾಲಾಗಿ, ಮೂಲೆಗೆ ಮೂಲೆ ತಾಗುವಂತೆ ಜೋಡಿಸಿದರೆ ನಾಲ್ಕು ನಕ್ಷತ್ರಗಳ ನಡುವೆ ಉಳಿಯುವ ಖಾಲಿ ಜಾಗ ತಾನಾಗಿಯೇ ಶಿಲುಬೆಯ ಆಕಾರ ಪಡೆಯುತ್ತದೆ. 13ನೇ ಶತಮಾನದ ಇರಾನ್‌ನ ಕಶಾನ್ ನಗರದ ಟೈಲ್ಸ್‌ಗಳಲ್ಲಿ ಈ ನಕ್ಷತ್ರ ಮತ್ತು ಶಿಲುಬೆಯ ಜೋಡಣೆ ಪ್ರಸಿದ್ಧವಾಗಿದೆ. ಇದು ಧಾರ್ಮಿಕ ಸಂಕೇತವೆಂದು ಮಾಡಿದ್ದಲ್ಲ, ಕೇವಲ ಲೆಕ್ಕದ ಫಲ.

ಇನ್ನೊಂದು ಬಗೆ ಪಟ್ಟಿ ಹೆಣಿಗೆಯದ್ದು. ಇಲ್ಲಿ ಬಿಳಿಯ ಪಟ್ಟಿಯೊಂದು ಇನ್ನೊಂದು ಪಟ್ಟಿಯ ಮೇಲೆ ಹೋಗಿ, ಮುಂದಿನದರ ಅಡಿಯಲ್ಲಿ ನುಸುಳಿ ಗೋಡೆಯುದ್ದಕ್ಕೂ ಸಾಗುತ್ತದೆ. ಓಲೆಯ ಚಾಪೆ ಹೆಣೆಯುವುದನ್ನು ನೋಡಿದವರಿಗೆ ಇದು ಹೊಸದೇನಲ್ಲ. ಗೋಡೆ ಮುಗಿದಲ್ಲಿ ವಿನ್ಯಾಸ ಮುಗಿಯುವುದಿಲ್ಲ, ಅದು ಆಚೆಗೂ ಮುಂದುವರಿಯುತ್ತಿದೆ ಎಂಬ ಭಾವನೆ ನೋಡುವವರಿಗೆ ಬರುತ್ತದೆ. ಕೊನೆಯಿಲ್ಲದ ದೇವರನ್ನು ನೆನಪಿಸುವ ಕಲೆ ಎಂದು ಹಲವರು ಇದನ್ನು ವಿವರಿಸಿದ್ದು ಇದೇ ಕಾರಣಕ್ಕೆ.

ಒಂದು ಸಮತಟ್ಟಾದ ಮೇಲ್ಮೈಯಲ್ಲಿ ವಿನ್ಯಾಸವನ್ನು ಎರಡೂ ದಿಕ್ಕಿಗೆ ಪುನರಾವರ್ತಿಸುವ ಕ್ರಮಗಳು ಒಟ್ಟು 17 ಮಾತ್ರ ಎಂದು ರಷ್ಯಾದ ವಿಜ್ಞಾನಿ ಫೆಡೊರೊವ್ 1891ರಲ್ಲಿ ಸಾಧಿಸಿ ತೋರಿಸಿದರು. ಅದಕ್ಕೆ ಐನೂರು ವರ್ಷಗಳ ಹಿಂದೆಯೇ ಅಲ್ಹಂಬ್ರಾದ ಕುಶಲಕರ್ಮಿಗಳು ಅವುಗಳಲ್ಲಿ ಹೆಚ್ಚಿನವನ್ನು ಗೋಡೆಯ ಮೇಲೆ ಮಾಡಿ ಮುಗಿಸಿದ್ದರು. ಡಚ್ ಕಲಾವಿದ ಎಶರ್ 1922 ಮತ್ತು 1936ರಲ್ಲಿ ಇಲ್ಲಿಗೆ ಬಂದು ಈ ಗೋಡೆಗಳನ್ನು ನೋಡಿ ಚಿತ್ರಿಸಿಕೊಂಡು ಹೋದರು. ಅವರ ಮುಂದಿನ ಕೃತಿಗಳಿಗೆ ಇದೇ ಪ್ರೇರಣೆಯಾಯಿತು.

ತಯಾರಿಕೆಯ ಮೂರು ವಿಧಾನಗಳು

ಜೇಡಿಮಣ್ಣಿನ ಬಿಲ್ಲೆಯನ್ನು ಒಣಗಿಸಿ ಒಮ್ಮೆ ಸುಡುತ್ತಾರೆ. ನಂತರ ಸೀಸ ಮತ್ತು ತವರ ಸೇರಿದ ಗಾಜಿನಂತಹ ದ್ರಾವಣವನ್ನು ಹಚ್ಚಿ, ಸುಮಾರು 900ರಿಂದ 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮತ್ತೆ ಸುಡುತ್ತಾರೆ. ಆಗ ಅದು ಕರಗಿ ಮಣ್ಣಿಗೆ ಮೆರುಗಿನ ಹೊದಿಕೆಯಾಗಿ ಅಂಟುತ್ತದೆ. ತವರದಿಂದ ಬಿಳಿ, ತಾಮ್ರದಿಂದ ಹಸಿರು, ಕೋಬಾಲ್ಟ್‌ನಿಂದ ನೀಲಿ, ಮ್ಯಾಂಗನೀಸ್‌ನಿಂದ ಕಪ್ಪು ಅಥವಾ ನೇರಳೆ, ಕಬ್ಬಿಣದಿಂದ ಜೇನುಬಣ್ಣ ಬರುತ್ತದೆ. ಒಂದೇ ಬಿಲ್ಲೆಯ ಮೇಲೆ ಎರಡು ಬಣ್ಣ ಹಚ್ಚಿದರೆ ಕುಲುಮೆಯಲ್ಲಿ ಕರಗಿ ಒಂದಕ್ಕೊಂದು ಬೆರೆತುಹೋಗುತ್ತವೆ. ಈ ತೊಂದರೆಗೆ ಕಂಡುಕೊಂಡ ಪರಿಹಾರಗಳೇ ಮೂರು ವಿಧಾನಗಳು.

ಮೊದಲನೆಯದು ಅಲಿಕತಾಡೊ. ಒಂದೊಂದು ಬಿಲ್ಲೆಗೂ ಒಂದೇ ಬಣ್ಣ. ಸುಟ್ಟ ನಂತರ ಅದನ್ನು ಚೂಪಾದ ಸುತ್ತಿಗೆಯಿಂದ ನಕ್ಷತ್ರ, ಪಟ್ಟಿ, ತ್ರಿಕೋನ ಆಕಾರಗಳಾಗಿ ಒಡೆದು, ಒಂದರ ಪಕ್ಕ ಒಂದು ಕೂಡಿಸುತ್ತಾರೆ. ಅಲ್ಹಂಬ್ರಾದ ಗೋಡೆಗಳು ಹೀಗೆ ಆದವು. ಕೆಲಸ ಬಹಳ ನಿಧಾನ, ಖರ್ಚೂ ಅಧಿಕ.

ಎರಡನೆಯದು ಕುಎರ್ದಾ ಸೆಕಾ, ಅಂದರೆ ಒಣ ಹುರಿ. ಬಣ್ಣಗಳ ನಡುವೆ ಎಣ್ಣೆಯಂಶ ಮತ್ತು ಮ್ಯಾಂಗನೀಸ್ ಬೆರೆಸಿದ ಗೆರೆ ಎಳೆಯುತ್ತಾರೆ. ಜಿಡ್ಡಿನ ಗೆರೆಯನ್ನು ನೀರಿನಂಶದ ಬಣ್ಣ ದಾಟುವುದಿಲ್ಲ. ಸುಡುವಾಗ ಎಣ್ಣೆ ಆರಿಹೋಗಿ ಕಪ್ಪು ಗೆರೆ ಮಾತ್ರ ಉಳಿಯುತ್ತದೆ.

ಮೂರನೆಯದು ಅರಿಸ್ತಾ. ಹಸಿ ಮಣ್ಣಿನ ಮೇಲೆ ಅಚ್ಚು ಒತ್ತಿ, ಬಣ್ಣಗಳ ನಡುವೆ ಸಣ್ಣ ದಿಣ್ಣೆ ಬರುವಂತೆ ಮಾಡುತ್ತಾರೆ. ಗದ್ದೆಯ ಬದು ನೀರನ್ನು ತಡೆಯುವಂತೆ ಈ ದಿಣ್ಣೆ ಬಣ್ಣವನ್ನು ತಡೆಯುತ್ತದೆ. ಅಚ್ಚು ಒಂದಿದ್ದರೆ ಸಾವಿರಾರು ಟೈಲ್ಸ್ ಮಾಡಬಹುದು. ಈ ವಿಧಾನದಿಂದಾಗಿ ಅರಮನೆಯ ಕಲೆ ಇಗರ್ಜಿಗಳಿಗೂ ಕಾನ್ವೆಂಟ್‌ಗಳಿಗೂ ಕೈಗೆಟುಕುವಂತಾಯಿತು.

ಇಗರ್ಜಿಯ ಒಳಗೆ ಬಂದ ಬಗೆ

ಕ್ರೈಸ್ತ ಅರಸರು ತೊಲೆದೊ ನಗರವನ್ನು 1085ರಲ್ಲಿ, ಕೊರ್ಡೊಬಾವನ್ನು 1236ರಲ್ಲಿ, ಸೆವಿಲ್ಲೆಯನ್ನು 1248ರಲ್ಲಿ ಗೆದ್ದುಕೊಂಡರು. ಅಲ್ಲಿದ್ದ ಮುಸ್ಲಿಂ ಗಾರೆಯವರು, ಬಡಗಿಗಳು, ಕುಂಬಾರರು ತಮ್ಮ ಧರ್ಮದಲ್ಲಿಯೇ ಇದ್ದುಕೊಂಡು ಹೊಸ ಒಡೆಯರಿಗೆ ಕೆಲಸ ಮಾಡಿದರು. ಇವರನ್ನು ಮುದೇಹಾರ್ ಎಂದು ಕರೆಯುತ್ತಾರೆ. ಇವರ ಹೆಸರೇ ಆ ಶೈಲಿಗೂ ಬಂತು.

ಸ್ಪೇನ್‌ನ ತೆರುಯೆಲ್ ಪಟ್ಟಣದಲ್ಲಿ ಈ ಶೈಲಿಯ ಗಂಟೆ ಗೋಪುರಗಳಿವೆ. ಸಂತ ಮಾರ್ಟಿನ್ ಮತ್ತು ದಿವ್ಯ ರಕ್ಷಕ ಇಗರ್ಜಿಗಳ 14ನೇ ಶತಮಾನದ ಗೋಪುರಗಳು ಹಸಿರು ಮತ್ತು ಬಿಳಿ ಟೈಲ್ಸ್‌ನಿಂದ ಹೊಳೆಯುತ್ತವೆ. ಪ್ರಾರ್ಥನೆಗೆ ಕರೆಯುವ ಈ ಕ್ರೈಸ್ತ ಗೋಪುರಗಳು ಮಸೀದಿಯ ಮಿನಾರನ್ನು ಹೋಲುತ್ತವೆ. ಸರಗೋಸಾ ನಗರದ ಪ್ರಧಾನಾಲಯದಲ್ಲಿ 14ನೇ ಶತಮಾನದ ಕೊನೆಯ ಭಾಗದಲ್ಲಿ ಅಲ್ಲಿನ ಮಹಾಧರ್ಮಾಧ್ಯಕ್ಷರು ತಮ್ಮ ಸಮಾಧಿಗೆಂದು ಒಂದು ಚಾಪೆಲ್ ಕಟ್ಟಿಸಿದರು. ಅದರ ಹೊರಗೋಡೆಗೆ ಇಟ್ಟಿಗೆ ಮತ್ತು ಟೈಲ್ಸ್‌ನ ನಕ್ಷತ್ರ ವಿನ್ಯಾಸ ಮಾಡಿಸಲು ಸೆವಿಲ್ಲೆಯಿಂದ ಕೆಲಸಗಾರರನ್ನು ಕರೆಸಲಾಯಿತು. ಅರಗೋನ್ ಪ್ರಾಂತದ ಈ ಮುದೇಹಾರ್ ಕಟ್ಟಡಗಳು 1986 ಮತ್ತು 2001ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ.

ಸೆವಿಲ್ಲೆಯಲ್ಲಿ ನದಿಯಾಚೆಗಿನ ತ್ರಿಯಾನಾ ಕುಂಬಾರರ ಕೇರಿ. ಈ ನಗರದ ಪಾಲಕಿಯರಾದ ಸಂತ ಹುಸ್ತಾ ಮತ್ತು ಸಂತ ರುಫಿನಾ ಮಣ್ಣಿನ ಪಾತ್ರೆ ಮಾರುತ್ತಿದ್ದ ಸಹೋದರಿಯರು. 3ನೇ ಶತಮಾನದಲ್ಲಿ ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟ ರಕ್ತಸಾಕ್ಷಿಗಳು ಎಂದು ಪರಂಪರೆ ಹೇಳುತ್ತದೆ. ಕುಂಬಾರರು ಇಂದಿಗೂ ಇವರನ್ನು ತಮ್ಮ ಪಾಲಕ ಸಂತರೆಂದು ಗೌರವಿಸುತ್ತಾರೆ.

ಈ ಸೆವಿಲ್ಲೆಯಿಂದಲೇ ಟೈಲ್ಸ್ ಪೋರ್ಚುಗಲ್‌ಗೆ ಹೋಯಿತು. 16ನೇ ಶತಮಾನದ ಆರಂಭದಲ್ಲಿ ಕೊಯಿಂಬ್ರಾದ ಧರ್ಮಾಧ್ಯಕ್ಷ ಜೊರ್ಜ್ ದೆ ಅಲ್ಮೇಡಾ ಅವರು ತಮ್ಮ ಪ್ರಧಾನಾಲಯದ ಒಳಗೋಡೆ ಮತ್ತು ಕಂಬಗಳಿಗೆ ಸೆವಿಲ್ಲೆಯ ಟೈಲ್ಸ್ ಹೊದಿಸಿದರು. ಬೆಜಾ ಪಟ್ಟಣದ ಕನ್ಸೆಸಾಂವ್ ಕಾನ್ವೆಂಟ್‌ನಲ್ಲಿ ಧರ್ಮಭಗಿನಿಯರು ಸಭೆ ಸೇರುತ್ತಿದ್ದ ಕೋಣೆಯ ಗೋಡೆಗಳಲ್ಲಿಯೂ ಇದೇ ವಿನ್ಯಾಸಗಳಿವೆ. ರಾಜ ಒಂದನೇ ಮಾನುವೆಲ್ ಸಿಂತ್ರಾದ ತನ್ನ ಅರಮನೆಗೆ 1508ರ ಸುಮಾರಿಗೆ ಸೆವಿಲ್ಲೆಯ ಟೈಲ್ಸ್ ತರಿಸಿದನು. ಅಲ್ಲಿ ಇವುಗಳನ್ನು ಈಗಲೂ ನೋಡಬಹುದು.

ಕೆಲಸ ಉಳಿಯಿತು, ಕೆಲಸಗಾರರು ಉಳಿಯಲಿಲ್ಲ

ಇಲ್ಲಿ ಒಂದು ನೋವಿನ ಸಂಗತಿಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಇದೇ ರಾಜ ಮಾನುವೆಲ್ 1496ರ ಡಿಸೆಂಬರ್‌ನಲ್ಲಿ ಪೋರ್ಚುಗಲ್‌ನ ಯೆಹೂದ್ಯರು ಮತ್ತು ಮುಸ್ಲಿಮರು ದೇಶ ಬಿಡಬೇಕೆಂದು ಆಜ್ಞೆ ಹೊರಡಿಸಿದ್ದನು. ಅವರನ್ನು ಹೊರಗೆ ಕಳುಹಿಸಿದ ಹತ್ತು ಹನ್ನೆರಡು ವರ್ಷಗಳಲ್ಲಿ ಅವರದೇ ಕಲೆಯನ್ನು ಹಣ ಕೊಟ್ಟು ತನ್ನ ಅರಮನೆಗೆ ತರಿಸಿದನು.

ಸ್ಪೇನ್‌ನಲ್ಲಿಯೂ ಹೀಗೆಯೇ ಆಯಿತು. ಗ್ರನಾಡಾ 1492ರ ಜನವರಿ 2ರಂದು ಶರಣಾದಾಗ ಅಲ್ಲಿನ ಮುಸ್ಲಿಮರಿಗೆ ತಮ್ಮ ಧರ್ಮವನ್ನು ಪಾಲಿಸುವ ಹಕ್ಕಿನ ಮಾತು ಕೊಡಲಾಗಿತ್ತು. ಆ ಮಾತು ಹತ್ತು ವರ್ಷವೂ ನಿಲ್ಲಲಿಲ್ಲ. 1502ರಲ್ಲಿ ಕ್ಯಾಸ್ಟೈಲ್ ರಾಜ್ಯದ ಮುಸ್ಲಿಮರಿಗೆ ಮತಾಂತರವಾಗಬೇಕು ಇಲ್ಲವೇ ದೇಶ ಬಿಡಬೇಕು ಎಂಬ ಆಜ್ಞೆಯಾಯಿತು. ಹೀಗೆ ಕ್ರೈಸ್ತರಾದವರ ಸಂತತಿಯನ್ನೂ 1609ರಿಂದ 1614ರ ನಡುವೆ ಹೊರಗಟ್ಟಲಾಯಿತು.

ಇಗರ್ಜಿಗಳಲ್ಲಿ ಪವಿತ್ರ ಬಲಿಪೂಜೆ ನಡೆಯುವ ಸ್ಥಳದ ಗೋಡೆಗಳನ್ನು ಅಲಂಕರಿಸಿದ ಈ ಕೈಗಳಲ್ಲಿ ಬಹುಪಾಲು ಹೆಸರಿಲ್ಲದವು. ಅವರ ಸೌಂದರ್ಯವನ್ನು ಸ್ವೀಕರಿಸಿದವರು ಅವರನ್ನು ಸ್ವೀಕರಿಸಲಿಲ್ಲ. ಈ ಟೈಲ್ಸ್‌ಗಳನ್ನು ನೋಡುವಾಗ ಇದನ್ನು ನೆನಪಿಡುವುದು ನಮ್ಮ ಕರ್ತವ್ಯ.

ಮುಂದಿನ ಬದಲಾವಣೆಗಳು

ಇಟಲಿಯಿಂದ ಬಂದ ಫ್ರಾನ್ಸಿಸ್ಕೊ ನಿಕುಲೊಸೊ ಎಂಬ ಕಲಾವಿದ ಬಿಳಿ ಮೆರುಗಿನ ಮೇಲೆ ಕುಂಚದಿಂದ ನೇರವಾಗಿ ಚಿತ್ರ ಬರೆಯುವ ವಿಧಾನವನ್ನು ಸೆವಿಲ್ಲೆಗೆ ತಂದನು. ಅಲ್ಲಿನ ಅರಮನೆಯ ಚಾಪೆಲ್‌ನಲ್ಲಿ 1504ರಲ್ಲಿ ಅವನು ಮಾಡಿದ ಟೈಲ್ಸ್ ಪೀಠದಲ್ಲಿ ಮೇರಿ ಮಾತೆಯು ಎಲಿಜಬೆತಳನ್ನು ಭೇಟಿಯಾಗುವ ದೃಶ್ಯವಿದೆ. ಅಲ್ಲಿಂದ ಮುಂದೆ ಸಂತರ ಚಿತ್ರಗಳು, ಬೈಬಲ್ ಘಟನೆಗಳು ಟೈಲ್ಸ್ ಮೇಲೆ ಮೂಡತೊಡಗಿದವು.

ಆದರೂ ಮೂರಿಶ್ ಚಿಂತನೆ ಅಳಿಯಲಿಲ್ಲ. 17ನೇ ಶತಮಾನದ ಪೋರ್ಚುಗಲ್‌ನಲ್ಲಿ ಇಗರ್ಜಿಯ ಗೋಡೆಯನ್ನು ನೆಲದಿಂದ ಮಾಡಿನವರೆಗೆ ಒಂದೇ ವಿನ್ಯಾಸದಿಂದ ಮುಚ್ಚುವ ಪದ್ಧತಿ ಬೆಳೆಯಿತು. ರತ್ನಗಂಬಳಿ ಹಾಸಿದಂತೆ ಕಾಣುವುದರಿಂದ ಇವುಗಳಿಗೆ ಗಂಬಳಿ ಟೈಲ್ಸ್ ಎಂದೇ ಹೆಸರು. ನಾಲ್ಕು ಟೈಲ್ಸ್ ಸೇರಿದರೆ ಒಂದು ಹೂವು, ಹದಿನಾರು ಸೇರಿದರೆ ಇನ್ನೊಂದು ದೊಡ್ಡ ಆಕಾರ. ಹೂವು ಇಟಲಿಯದ್ದಾದರೂ ಅದನ್ನು ಕೊನೆಯಿಲ್ಲದೆ ಪುನರಾವರ್ತಿಸುವ ಲೆಕ್ಕ ಮೂರರದ್ದು. ಸಂತಾರೆಂ ಪಟ್ಟಣದ ಮಾರ್ವಿಲಾ ಇಗರ್ಜಿ ಇದಕ್ಕೆ ಪ್ರಸಿದ್ಧ ಉದಾಹರಣೆ.

ನಮ್ಮ ದೇಶಕ್ಕೆ ಸಂಬಂಧಿಸಿದ ಒಂದು ವಿಷಯವೂ ಇಲ್ಲಿದೆ. ಇದೇ ಕಾಲದಲ್ಲಿ ಬಲಿಪೀಠದ ಮುಂಭಾಗಕ್ಕೆ ತೊಡಿಸುತ್ತಿದ್ದ ಬೆಲೆಬಾಳುವ ಬಟ್ಟೆಗೆ ಬದಲಾಗಿ ಟೈಲ್ಸ್ ಮುಂಭಾಗ ಮಾಡುವ ರೂಢಿ ಪೋರ್ಚುಗಲ್‌ನಲ್ಲಿ ಬಂತು. ಭಾರತದಿಂದ ಹಡಗಿನಲ್ಲಿ ಹೋಗುತ್ತಿದ್ದ ಅಚ್ಚಿನ ಬಟ್ಟೆಗಳ ಹಕ್ಕಿ, ಬಳ್ಳಿ, ಹೂವುಗಳನ್ನು ಅವುಗಳ ಮೇಲೆ ಬಿಡಿಸಿದರು. ಹೀಗೆ ಅರಬ್ಬರ ಮೆರುಗು ಮತ್ತು ಭಾರತೀಯರ ಬಟ್ಟೆಯ ಚಿತ್ತಾರ ಒಂದೇ ಪೀಠದಲ್ಲಿ ಕೂಡಿದವು.

ನಮ್ಮ ಸಮೀಪದಲ್ಲಿ

ಪಣಜಿಯ ಮೆನೆಜೆಸ್ ಬ್ರಗಾಂಜಾ ಸಂಸ್ಥೆಯ ಪ್ರವೇಶ ಭಾಗದಲ್ಲಿ 1935ರ ನೀಲಿ ಟೈಲ್ಸ್ ಚಿತ್ರಗಳಿವೆ. ಅವುಗಳನ್ನು ಮಾಡಿದ ಪೋರ್ಚುಗೀಸ್ ಕಲಾವಿದ ಜೊರ್ಜ್ ಕೊಲಾಸೊ 1868ರಲ್ಲಿ ಹುಟ್ಟಿದ್ದು ಮೊರೊಕ್ಕೊದ ಟಾಂಜಿಯರ್ ನಗರದಲ್ಲಿ, ಅಂದರೆ ಜೆಲ್ಲಿಜ್ ಕಲೆಯ ನಾಡಿನಲ್ಲಿ ಎಂಬುದು ಗಮನಾರ್ಹ.

ನಮ್ಮ ರಾಜ್ಯದ ಬೀದರ್‌ನಲ್ಲಿ 1472ರಲ್ಲಿ ಪೂರ್ಣಗೊಂಡ ಮಹಮೂದ್ ಗವಾನ್ ಮದರಸಾದ ಗೋಡೆ ಮತ್ತು ಮಿನಾರಿನಲ್ಲಿಯೂ ಬಣ್ಣದ ಟೈಲ್ಸ್ ಉಳಿದಿವೆ. ಆದರೆ ಅದು ಇರಾನ್ ಮಾರ್ಗವಾಗಿ ಬಂದ ಶೈಲಿ. ಸ್ಪೇನ್‌ನದ್ದು ಮತ್ತು ಬೀದರ್‌ನದ್ದು ಒಂದೇ ಮರದ ಎರಡು ಕೊಂಬೆಗಳು ಎನ್ನಬಹುದು.

ಮಂಗಳೂರು ಹೆಂಚಿಗೂ ಇದಕ್ಕೂ ಸಂಬಂಧವಿಲ್ಲ. 1865ರಲ್ಲಿ ಬಾಸೆಲ್ ಮಿಷನ್ ಆರಂಭಿಸಿದ ಆ ಉದ್ಯಮ ಮಾಡಿನ ಹೆಂಚಿನದ್ದು, ಅದಕ್ಕೆ ಮೆರುಗು ಹಚ್ಚುವುದಿಲ್ಲ. ಕರಾವಳಿಯ ಹಳೆಯ ಮನೆ, ಇಗರ್ಜಿಗಳ ನೆಲದಲ್ಲಿ ಕಾಣುವ ಬಣ್ಣದ ಚಿತ್ತಾರದ ಟೈಲ್ಸ್ ಕೂಡ ಸಾಮಾನ್ಯವಾಗಿ ಸಿಮೆಂಟಿನವು, ಕುಲುಮೆಯಲ್ಲಿ ಸುಟ್ಟವಲ್ಲ. ಆದರೆ ಅವುಗಳಲ್ಲಿ ಬರುವ ಎಂಟು ಮೂಲೆಯ ನಕ್ಷತ್ರ ಮತ್ತು ನಾಲ್ಕು ಟೈಲ್ಸ್ ಸೇರಿ ಒಂದಾಗುವ ಹೂವಿನ ಹಿಂದೆ ಇರುವುದು ಮೇಲೆ ವಿವರಿಸಿದ ಲೆಕ್ಕವೇ.

ಕಳೆದುಕೊಂಡದ್ದು ಮತ್ತು ಉಳಿಸಿಕೊಂಡದ್ದು

ಕೊಯಿಂಬ್ರಾದ ಪ್ರಧಾನಾಲಯದ ಬಗ್ಗೆ ಮೇಲೆ ಹೇಳಿದೆವು. 1893ರಲ್ಲಿ ಅಲ್ಲಿ ದುರಸ್ತಿ ಕೆಲಸ ಆರಂಭವಾಯಿತು. ಕಟ್ಟಡವನ್ನು 12ನೇ ಶತಮಾನದ ಮೂಲ ರೂಪಕ್ಕೆ ತರಬೇಕೆಂಬ ಉತ್ಸಾಹದಲ್ಲಿ ಟೈಲ್ಸ್‌ಗಳಲ್ಲಿ ಹೆಚ್ಚಿನವನ್ನು ಕಿತ್ತುಹಾಕಲಾಯಿತು. ಕೆಡವಿದವರು ಶತ್ರುಗಳಲ್ಲ, ಇಗರ್ಜಿಯನ್ನು ಪ್ರೀತಿಸಿದವರೇ. ನಾಲ್ಕು ಶತಮಾನ ಉಳಿದದ್ದು ಒಂದು ದುರಸ್ತಿಯಲ್ಲಿ ಹೋಯಿತು.

ಅನಂತರ ಕಳ್ಳತನದ ಕಾಟ ಬಂತು. ಹಳೆಯ ಟೈಲ್ಸ್‌ಗೆ ಮಾರುಕಟ್ಟೆಯಲ್ಲಿ ಬೆಲೆ ಏರಿದಂತೆ ಖಾಲಿ ಮನೆ ಮತ್ತು ಚಾಪೆಲ್‌ಗಳಿಂದ ಅವುಗಳನ್ನು ಕಿತ್ತು ಮಾರತೊಡಗಿದರು. ಇದನ್ನು ತಡೆಯಲು ಪೋರ್ಚುಗಲ್‌ನ ಅಪರಾಧ ತನಿಖಾ ಪೊಲೀಸ್ ವಿಭಾಗದ ಮ್ಯೂಸಿಯಂ 2007ರಲ್ಲಿ 'ಎಸ್‌ಒಎಸ್ ಅಜುಲೆಜೊ' ಯೋಜನೆಯನ್ನು ಆರಂಭಿಸಿತು. ಕಳುವಾದ ಟೈಲ್ಸ್‌ಗಳ ಫೋಟೊ ಪ್ರಕಟಿಸಿದ್ದರಿಂದ ಅವುಗಳನ್ನು ಮಾರುವುದು ಕಷ್ಟವಾಯಿತು. ಟೈಲ್ಸ್ ಇರುವ ಮುಂಗೋಡೆಗಳನ್ನು ಕೆಡವುವುದಕ್ಕೆ 2017ರಲ್ಲಿ ದೇಶವ್ಯಾಪಿ ಕಾನೂನು ತಡೆ ಹಾಕಿತು. ಅಲ್ಲಿ ಮೇ 6 ರಾಷ್ಟ್ರೀಯ ಅಜುಲೆಜೊ ದಿನ. ರಾಣಿ ಲಿಯೊನೊರ್ 1509ರಲ್ಲಿ ಸ್ಥಾಪಿಸಿದ ಲಿಸ್ಬನ್‌ನ ಮಾದ್ರೆ ದೆ ದೆವುಸ್ ಕಾನ್ವೆಂಟ್‌ನ ಕಟ್ಟಡದಲ್ಲಿ ಇಂದು ರಾಷ್ಟ್ರೀಯ ಅಜುಲೆಜೊ ಮ್ಯೂಸಿಯಂ ಇದೆ.

ಪಾಲನಾ ಸಮಿತಿಗಳ ಗಮನಕ್ಕೆ

ಹಳೆಯ ಇಗರ್ಜಿ, ಚಾಪೆಲ್ ಅಥವಾ ಶಿಲುಬೆ ಕಟ್ಟೆಯ ದುರಸ್ತಿಗೆ ಕೈ ಹಾಕುವ ಮೊದಲು ಧರ್ಮಗುರುಗಳು, ಗುರಿಕಾರರು ಮತ್ತು ಪಾಲನಾ ಸಮಿತಿಯ ಸದಸ್ಯರು ಈ ಕೆಳಗಿನ ವಿಷಯಗಳನ್ನು ಗಮನಿಸುವುದು ಒಳಿತು.

1. ಕೆಲಸ ಆರಂಭಿಸುವ ಮೊದಲು ಪ್ರತಿಯೊಂದು ಗೋಡೆ ಮತ್ತು ನೆಲದ ಫೋಟೊ ತೆಗೆದಿಡಿ. ಅಳತೆ ಕಾಣುವಂತೆ ಪಕ್ಕದಲ್ಲಿ ಸ್ಕೇಲ್ ಇಡಿ.

2. ಟೈಲ್ ತೆಗೆಯಲೇಬೇಕಾದರೆ ಪ್ರತಿಯೊಂದರ ಹಿಂಬದಿಗೆ ಸಾಲು ಮತ್ತು ಸ್ಥಾನದ ಸಂಖ್ಯೆ ಬರೆಯಿರಿ. ಒಂದು ಟೈಲ್ ತಿರುಗಿ ಕುಳಿತರೂ ವಿನ್ಯಾಸ ಮುರಿಯುತ್ತದೆ.

3. ಟೈಲ್ ಏಳುತ್ತಿದ್ದರೆ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ. ಗೋಡೆಯ ತೇವದಲ್ಲಿರುವ ಉಪ್ಪು ಒಣಗುವಾಗ ಹರಳುಗಟ್ಟಿ ಮೆರುಗನ್ನು ಒಳಗಿನಿಂದ ತಳ್ಳಿ ಸಿಪ್ಪೆಯಂತೆ ಏಳಿಸುತ್ತದೆ. ಕರಾವಳಿಯಲ್ಲಿ ಈ ತೊಂದರೆ ಹೆಚ್ಚು.

4. ಸುಣ್ಣದ ಗಾರೆಯ ಗೋಡೆಗೆ ಸುಣ್ಣದ ಗಾರೆಯನ್ನೇ ಬಳಸಿ. ಸಿಮೆಂಟ್ ತೇವವನ್ನು ಹೊರಗೆ ಬಿಡುವುದಿಲ್ಲ. ಮುಂದೆ ತೆಗೆಯಬೇಕಾದಾಗ ಟೈಲ್ ಒಡೆಯದೆ ಬರುವುದೂ ಇಲ್ಲ.

5. ಆಸಿಡ್ ಹಾಕಿ ತೊಳೆಯಬೇಡಿ, ತಂತಿ ಬ್ರಷ್‌ನಿಂದ ಉಜ್ಜಬೇಡಿ. ಒದ್ದೆ ಬಟ್ಟೆ ಸಾಕು.

6. ಒಡೆದ ತುಣುಕುಗಳನ್ನು ಎಸೆಯದೆ ಪೆಟ್ಟಿಗೆಯಲ್ಲಿಟ್ಟು, ಎಲ್ಲಿಯದ್ದೆಂದು ಬರೆದಿಡಿ. ಮುಂದೊಂದು ದಿನ ಅದೇ ಬಣ್ಣ, ಅದೇ ಅಳತೆ ಮಾಡಿಸಲು ಆ ತುಣುಕೇ ಮಾದರಿಯಾಗುತ್ತದೆ.

ಹಬ್ಬಕ್ಕೆ ಮೊದಲು ಇಗರ್ಜಿ ಹೊಸದಾಗಿ ಕಾಣಬೇಕೆಂಬ ಆಸೆ ಸಹಜ. ಹೊಸ ಟೈಲ್ಸ್ ಎಲ್ಲಿ ಬೇಕಾದರೂ ಸಿಗುತ್ತವೆ. ಆದರೆ ಹಳೆಯ ಗೋಡೆಯಲ್ಲಿ ಯಾರ ಕೈಕೆಲಸವಿದೆ, ಅದು ಎಷ್ಟು ದೂರದಿಂದ ಬಂದಿದೆ, ಅದಕ್ಕಾಗಿ ಯಾರು ಏನನ್ನು ಕಳೆದುಕೊಂಡರು ಎಂಬುದನ್ನು ವಿಚಾರಿಸಿದ ನಂತರವೇ ಹಾರೆ ಎತ್ತೋಣ. ಮುಂದಿನ ಸಲ ಹಳೆ ಗೋವಾಕ್ಕೆ ಹೋದಾಗ ಸಂತ ಆಗಸ್ಟಿನರ ಇಗರ್ಜಿಯ ಗೋಡೆಗಳ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲೋಣ.